ಮೂರೆಲೆ ಆಡಿ ಗೊತ್ತಿದ್ದವರು ಪೋಕರ್ ಕಲಿಯುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಊರು ತಿಪಟೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಊರಲ್ಲಿ ದೀಪಾವಳಿಗೆ ರಮ್ಮಿ, ಮೂರೆಲೆ ಆಡಿ ಅಭ್ಯಾಸವಿದೆ. ಇಲ್ಲಿ ಜೊತೆಗೆ ಕೆಲಸ ಮಾಡುವವರು ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ಒಬ್ಬರ ಮನೆಯಲ್ಲಿ ಸೇರಿ ಪೋಕರ್ ಆಡುತ್ತಾರೆ. ಎರಡು ಸಲ ಹೋಗಿ ಕೂತೆ. ಸ್ಟ್ರೇಟ್ (ಸಾಲಾಗಿ ಬಂದ ಐದು ಎಲೆ) ಇಟ್ಟುಕೊಂಡು ಫ್ಲಶ್ (ಐದೂ ಆಟೀನೋ ಐದೂ ಇಸ್ಪೇಟೋ, ಹೀಗೆ ಒಂದೇ ಬಣ್ಣದ ಐದು ಎಲೆ) ಎದುರು ಸೋತೆ. ಮೂರೆಲೆಯಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು, ಇಲ್ಲೇಕೆ ಉಲ್ಟಾ? ಮೊದಲಿನಿಂದ ಸರಿಯಾಗಿ ಕಲಿಯಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ? ಇದು ಬರೀ ಅದೃಷ್ಟದ ಆಟವೇ? ಮೊಬೈಲಿನಲ್ಲಿ ದುಡ್ಡು ಹಾಕಿ ಆಡಿ ಕಲಿಯಬಹುದೇ?

ಉತ್ತರ: ನೀವು ಸೋತ ಆ ಆಟದಿಂದಲೇ ಶುರು ಮಾಡೋಣ. ಮೂರೆಲೆ ಆಡಿ ಬೆಳೆದ ಎಲ್ಲರೂ ಪೋಕರ್ ಮೇಜಿನಲ್ಲಿ ಎಡವುವುದು ಅಲ್ಲೇ. ಯಾಕೆ ಉಲ್ಟಾ ಅನ್ನುವುದು ಒಮ್ಮೆ ಅರ್ಥವಾದರೆ ಯಾವ ಕೈ ದೊಡ್ಡದು ಅಂತ ಬಾಯಿಪಾಠ ಮಾಡುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಯಾವ ಕೈ ಅಪರೂಪವೋ ಅದು ದೊಡ್ಡದು. ಇಸ್ಪೀಟಿನ ಈ ಆಟಗಳ ಲೆಕ್ಕ ಬಹುಮಟ್ಟಿಗೆ ಇಷ್ಟೇ. 52 ಎಲೆಯ ಕಟ್ಟಿನಿಂದ ಮೂರು ಎಲೆ ತೆಗೆಯಲು 22,100 ಬಗೆಗಳಿವೆ. ಅದರಲ್ಲಿ ಸೀಕ್ವೆನ್ಸ್ ಆಗುವುದು 720, ಕಲರ್ ಆಗುವುದು 1,096. ಸೀಕ್ವೆನ್ಸ್ ಅಪರೂಪ, ಹಾಗಾಗಿ ಅದು ಮೇಲೆ. ಐದು ಎಲೆಗೆ ಬಂದರೆ ಚಿತ್ರ ಬದಲಾಗುತ್ತದೆ. ಐದು ಎಲೆ ತೆಗೆಯಲು 25,98,960 ಬಗೆ. ಅದರಲ್ಲಿ ಸ್ಟ್ರೇಟ್ 10,200, ಫ್ಲಶ್ 5,108. ಮೂರು ಎಲೆ ಒಂದೇ ಬಣ್ಣಕ್ಕೆ ಬೀಳುವುದು ಅಷ್ಟೇನೂ ಕಷ್ಟವಲ್ಲ. ಐದಕ್ಕೆ ಐದೂ ಆಟೀನೇ ಬರಬೇಕೆಂದರೆ ಕಷ್ಟ. ಆದ್ದರಿಂದ ಪೋಕರಿನಲ್ಲಿ ಫ್ಲಶ್ ಮೇಲೆ, ಸ್ಟ್ರೇಟ್ ಕೆಳಗೆ. ನಿಮ್ಮ ಜೊತೆಯವರು ಹೇಳಿದ್ದು ಸರಿ.

ಉಳಿದ ಕ್ರಮವೂ ಹೀಗೆಯೇ. ಎಲ್ಲಕ್ಕಿಂತ ಮೇಲಿರುವುದು ಒಂದೇ ಬಣ್ಣದ, ಸಾಲಾಗಿ ಬಂದ ಐದು ಎಲೆ. ಅದು ಹತ್ತರಿಂದ ಎಕ್ಕದವರೆಗಿನ ಸಾಲಾದರೆ ರಾಯಲ್ ಫ್ಲಶ್, ಬೇರೆ ಯಾವ ಸಾಲಾದರೂ ಸ್ಟ್ರೇಟ್ ಫ್ಲಶ್. ಅದರ ಕೆಳಗೆ ಒಂದೇ ಅಂಕಿಯ ನಾಲ್ಕು ಎಲೆ. ಆಮೇಲೆ ಫುಲ್ ಹೌಸ್, ಅಂದರೆ ಮೂರು ಒಂದು ಅಂಕಿಯವು, ಎರಡು ಇನ್ನೊಂದು ಅಂಕಿಯವು. ಆಮೇಲೆ ಫ್ಲಶ್, ಸ್ಟ್ರೇಟ್, ಒಂದೇ ಅಂಕಿಯ ಮೂರು, ಎರಡು ಜೋಡಿ, ಒಂದು ಜೋಡಿ. ಕೊನೆಗೆ ಏನೂ ಇಲ್ಲದಿದ್ದಾಗ ಕೈಯಲ್ಲಿರುವ ದೊಡ್ಡ ಎಲೆ. ಮೂರೆಲೆಯ ಟ್ರಯೊ, ಅಂದರೆ ಒಂದೇ ಅಂಕಿಯ ಮೂರು ಎಲೆ, ಬಂದರೆ ಅಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಪೋಕರಿನಲ್ಲಿ ಅದೇ ಮೂರು ಎಲೆ ಸ್ಟ್ರೇಟ್‌ಗೂ ಸೋಲುತ್ತದೆ. ಈ ಒಂದು ಮಾತು ಮನಸ್ಸಿಗೆ ಇಳಿಯಲು ತಿಂಗಳು ಹಿಡಿದವರನ್ನು ನೋಡಿದ್ದೇನೆ. ಮೂರು ರಾಣಿ ಕಂಡ ಕೂಡಲೇ ಕೈ ತಾನಾಗಿ ಮುಂದಕ್ಕೆ ಹೋಗಿ ಇದ್ದಬದ್ದದ್ದನ್ನೆಲ್ಲ ತಳ್ಳಿಬಿಡುತ್ತದೆ.

ಮೂರೆಲೆಯ ಇನ್ನೂ ಮೂರು ಅಭ್ಯಾಸಗಳನ್ನು ಬಾಗಿಲಲ್ಲೇ ಬಿಟ್ಟು ಬನ್ನಿ. ಎಕ್ಕ-ಎರಡು-ಮೂರು ನಮ್ಮಲ್ಲಿ ದೊಡ್ಡ ಸೀಕ್ವೆನ್ಸ್. ಪೋಕರಿನಲ್ಲಿ ಎಕ್ಕ-ಎರಡು-ಮೂರು-ನಾಲ್ಕು-ಐದು ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್. ಎಕ್ಕ ಸಾಲಿನ ತಲೆಯಲ್ಲಾದರೂ ಇರಬೇಕು, ಬಾಲದಲ್ಲಾದರೂ ಇರಬೇಕು. ರಾಣಿ-ರಾಜ-ಎಕ್ಕ-ಎರಡು-ಮೂರು ಅಂತ ನಡುವೆ ಬಂದರೆ ಅದು ಸ್ಟ್ರೇಟ್ ಅಲ್ಲ. ಎರಡನೆಯದು, ಇಸ್ಪೇಟು ಆಟೀನಿಗಿಂತ ದೊಡ್ಡದು ಎಂಬ ಮಾತು. ಪೋಕರಿನಲ್ಲಿ ಬಣ್ಣಗಳಲ್ಲಿ ದೊಡ್ಡದು ಚಿಕ್ಕದು ಇಲ್ಲ. ಇಬ್ಬರದೂ ಸಮನಾದರೆ ದುಡ್ಡು ಎರಡು ಪಾಲು. ಮೂರನೆಯದು 'ಬ್ಲೈಂಡ್' ಎಂಬ ಪದ. ನಮ್ಮಲ್ಲಿ ಬ್ಲೈಂಡ್ ಆಡುವುದೆಂದರೆ ಎಲೆ ನೋಡದೆ ಆಡುವುದು. ಪೋಕರಿನಲ್ಲಿ ಬ್ಲೈಂಡ್ ಎಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಪಣ, ನಮ್ಮ ಬೂಟ್ ಇದ್ದ ಹಾಗೆ. ಎಲೆಯನ್ನು ಎಲ್ಲರೂ ನೋಡಿಯೇ ಆಡುತ್ತಾರೆ.

ಈಗ ಆಟದ ನಡೆ. ಶನಿವಾರ ನಿಮ್ಮವರು ಆಡುವುದು ಬಹುತೇಕ ಟೆಕ್ಸಾಸ್ ಹೋಲ್ಡೆಮ್. ಪೋಕರಿನಲ್ಲಿ ಹತ್ತಾರು ಬಗೆಗಳಿವೆ, ಕಲಿಯುವವರಿಗೆ ಇದೊಂದು ಸಾಕು. ಪೋಕರ್ ರೂಪುಗೊಂಡದ್ದು 19ನೇ ಶತಮಾನದ ಆರಂಭದಲ್ಲಿ, ನ್ಯೂ ಆರ್ಲಿಯನ್ಸ್ ಕಡೆ, ಮಿಸಿಸಿಪ್ಪಿ ನದಿಯ ದೋಣಿಗಳಲ್ಲಿ. ಆಗ 20 ಎಲೆಯಲ್ಲೇ ಆಡುತ್ತಿದ್ದರು. ಹೋಲ್ಡೆಮ್ ಬಹಳ ಈಚಿನದು. ಟೆಕ್ಸಾಸ್ ಶಾಸನಸಭೆ 2007ರಲ್ಲಿ ರಾಬ್ಸ್‌ಟೌನ್ ಎಂಬ ಊರನ್ನು ಅದರ ತವರೆಂದು ಗುರುತಿಸಿತು. ಇತಿಹಾಸ ಅಷ್ಟು ಸಾಕು.

ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಬರುತ್ತವೆ. ಆ ಎರಡನ್ನು ನೋಡಿ ಒಂದು ಸುತ್ತು ಪಣ. ಆಮೇಲೆ ಮೇಜಿನ ನಡುವೆ ಮೂರು ಎಲೆ ತೆರೆದಿಡುತ್ತಾರೆ, ಇದು ಫ್ಲಾಪ್. ಮತ್ತೊಂದು ಸುತ್ತು ಪಣ. ನಾಲ್ಕನೆಯ ಎಲೆ ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ನಿಮ್ಮ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿದ್ದು ನಿಮ್ಮ ಕೈ. ಸರದಿ ಬಂದಾಗ ನೀವು ಮಾಡಬಹುದಾದದ್ದು ಕೆಲವೇ. ಯಾರೂ ಪಣ ಇಟ್ಟಿಲ್ಲದಿದ್ದರೆ 'ಚೆಕ್' ಎಂದು ಸುಮ್ಮನೆ ದಾಟಿಸಬಹುದು, ಇಲ್ಲವೇ ಪಣ ಇಡಬಹುದು. ಯಾರಾದರೂ ಇಟ್ಟಿದ್ದರೆ ಅಷ್ಟೇ ಹಾಕಿ 'ಕಾಲ್' ಮಾಡಬಹುದು, ಹೆಚ್ಚಿಸಿ 'ರೇಸ್' ಮಾಡಬಹುದು, ಅಥವಾ ಎಲೆ ಬಿಸಾಕಿ 'ಫೋಲ್ಡ್' ಆಗಬಹುದು. ನಮ್ಮ ಮಾತಲ್ಲಿ ಪ್ಯಾಕ್. ನಾನು ಪ್ಯಾಕ್ ಅಂತಲೇ ಬರೆಯುತ್ತೇನೆ.

ಏಳರಲ್ಲಿ ಐದು ಅನ್ನುವುದು ಕೇಳಲು ಸುಲಭ, ಮೇಜಿನ ಮೇಲೆ ಕಣ್ಣಿಗೆ ಮೋಸ ಮಾಡುತ್ತದೆ. ಮೂರು ಜೋಡಿ ಆಗಿದೆ ಎಂದು ಖುಷಿಪಡುವವರಿದ್ದಾರೆ. ಲೆಕ್ಕಕ್ಕೆ ಎರಡೇ, ಮೂರನೆಯದು ಇಲ್ಲದ್ದಕ್ಕೆ ಸಮ. ನಡುವಿನ ಐದು ಎಲೆಗಳೇ ಸ್ಟ್ರೇಟ್ ಆಗಿ ಕೂತಿದ್ದರೆ, ಅದಕ್ಕಿಂತ ದೊಡ್ಡದು ಯಾರಲ್ಲೂ ಇಲ್ಲದಿದ್ದರೆ, ಉಳಿದವರೆಲ್ಲ ಸಮಪಾಲು. ಇನ್ನೊಂದು ಕಿಕ್ಕರ್, ಅಂದರೆ ಜೋಡಿಯ ಪಕ್ಕದಲ್ಲಿ ಲೆಕ್ಕಕ್ಕೆ ಬರುವ ಎಲೆ. ನಿಮ್ಮ ಕೈಯಲ್ಲಿ ಎಕ್ಕ ಮತ್ತು ಆರು, ಎದುರಿನವರ ಕೈಯಲ್ಲಿ ಎಕ್ಕ ಮತ್ತು ರಾಜ. ನಡುವೆ ಎಕ್ಕ, ಹತ್ತು, ಒಂಬತ್ತು, ಎಂಟು, ಎರಡು ಬಿದ್ದಿವೆ. ಇಬ್ಬರಿಗೂ ಎಕ್ಕದ ಜೋಡಿ. ಆದರೆ ಜೋಡಿಯ ಪಕ್ಕದ ದೊಡ್ಡ ಎಲೆ ಅವರಲ್ಲಿ ರಾಜ, ನಿಮ್ಮಲ್ಲಿ ಹತ್ತು. ನಿಮ್ಮ ಆರು ಐದರ ಲೆಕ್ಕಕ್ಕೇ ಬರಲಿಲ್ಲ. ಪೂರ್ತಿ ದುಡ್ಡು ಅವರದು. ಎಕ್ಕ ಬಂದಿತು ಅನ್ನುವ ಒಂದೇ ಕಾರಣಕ್ಕೆ ಆಡಿ ಕಲಿಯುವವರು ಕಳೆದುಕೊಳ್ಳುವುದು ಬಹುಪಾಲು ಹೀಗೆಯೇ.

ಇದನ್ನು ಕಣ್ಣಿಗೆ ಪಳಗಿಸಲು ಯಾರ ಜೊತೆಯೂ ಬೇಡ. ರಾತ್ರಿ ಊಟವಾದ ಮೇಲೆ ಒಂದು ಕಟ್ಟು ತಗೊಂಡು ಕೂರಿ. ಜೋಕರ್ ಎರಡನ್ನೂ ತೆಗೆದಿಡಿ. ನಾಲ್ಕು ಕಡೆ ಎರಡೆರಡು ಎಲೆ ಹಾಕಿ, ನಡುವೆ ಐದು ತೆರೆಯಿರಿ, ಯಾರು ಗೆದ್ದರು ಎಂದು ಬಾಯಲ್ಲೇ ಹೇಳಿ. ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ವಾರದಲ್ಲಿ ತಡವರಿಕೆ ಹೋಗುತ್ತದೆ. ಎಲೆ ಕಲಸುವುದನ್ನೂ ಅಲ್ಲೇ ರೂಢಿ ಮಾಡಿಕೊಳ್ಳಿ. ಕಟ್ಟನ್ನು ಎರಡು ಪಾಲು ಮಾಡಿ ತುದಿಗಳನ್ನು ಒಂದರೊಳಗೊಂದು ಬೀಳಿಸುತ್ತಾ ಬೆರೆಸುವ ರೀತಿಯಲ್ಲಿ ಏಳು ಸಲ ಬೆರೆಸಿದರೆ ಕಟ್ಟು ಚೆನ್ನಾಗಿ ಕಲೆತ ಹಾಗೆ. ನಮ್ಮ ಮನೆಗಳಲ್ಲಿ ಕೈಯಿಂದ ಕೈಗೆ ಕುಪ್ಪೆ ಕುಪ್ಪೆಯಾಗಿ ಜಾರಿಸುತ್ತೇವಲ್ಲ, ಅದರಲ್ಲಿ ಹಿಂದಿನ ಆಟದ ಎಲೆಗಳು ಅಂಟಿಕೊಂಡೇ ಉಳಿಯುತ್ತವೆ.

ಇಷ್ಟರವರೆಗಿನದು ನಿಯಮ. ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ನಿಜವಾಗಿ ಕಲಿಯಬೇಕಾದದ್ದು ಪ್ಯಾಕ್ ಮಾಡುವುದನ್ನು. ನಾನು ಕಲಿಸಿದವರಲ್ಲಿ ಮುಂದೆ ಚೆನ್ನಾಗಿ ಆಡಿದವರೆಲ್ಲ ಮೊದಲ ತಿಂಗಳಲ್ಲೇ ಬೇಸರವಿಲ್ಲದೆ ಪ್ಯಾಕ್ ಮಾಡಲು ಕಲಿತವರು. ಬ್ಲಫ್ (ಕೈಯಲ್ಲಿ ಏನೂ ಇಲ್ಲದೆ ಪಣ ಇಟ್ಟು ಹೆದರಿಸುವುದು) ಕಲಿಸಿ, ಮುಖ ನೋಡಿ ಎಲೆ ಹೇಳುವುದು ಕಲಿಸಿ ಎಂದು ಮೊದಲ ದಿನವೇ ಕೇಳಿದವರಿಗೆ ಕಲಿಸಲು ನನಗೆ ಆಗಲಿಲ್ಲ.

ಎರಡು ಎಲೆ ಬರುವ ಬಗೆ ಒಟ್ಟು 1,326. ಬಣ್ಣದ ಹೆಸರು ಬಿಟ್ಟು, ಒಂದೇ ಬಣ್ಣವೋ ಬೇರೆಯೋ ಎಂಬುದನ್ನಷ್ಟೇ ನೋಡಿದರೆ 169 ಬಗೆ. ಕೈಯಲ್ಲೇ ಜೋಡಿ ಬರುವುದು 17 ಆಟಕ್ಕೆ ಒಂದು ಸಲ. ಎರಡು ಎಕ್ಕ ಬರುವುದು 221ಕ್ಕೆ ಒಂದು ಸಲ. ಅಂದರೆ ನಿಮ್ಮ ಶನಿವಾರಗಳಲ್ಲಿ ಕೆಲವು ಅದಿಲ್ಲದೆಯೇ ಕಳೆಯುತ್ತವೆ. ಎಂಟೊಂಬತ್ತು ಜನ ಕೂತ ಮೇಜಿನಲ್ಲಿ ಹೊಸಬರು ನೂರಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಆಟ ಆಡಬೇಕು. ಉಳಿದದ್ದೆಲ್ಲ ಎಲೆ ನೋಡಿದ ಕೂಡಲೇ ಪ್ಯಾಕ್. ಐದಾರು ಜನರಿದ್ದರೆ ಸ್ವಲ್ಪ ಸಡಿಲ ಮಾಡಬಹುದು. ಆಡಬೇಕಾದವು ಯಾವುವು? ದೊಡ್ಡ ಜೋಡಿಗಳು. ಎಕ್ಕದ ಜೊತೆ ರಾಜ, ರಾಣಿ, ಗುಲಾಮ. ರಾಜ-ರಾಣಿ. ಒಂದೇ ಬಣ್ಣದ ಅಕ್ಕಪಕ್ಕದ ಎಲೆಗಳನ್ನು, ಹತ್ತು-ಒಂಬತ್ತು, ಒಂಬತ್ತು-ಎಂಟು ಇಂಥವನ್ನು, ಕೊನೆಯಲ್ಲಿ ಸರದಿ ಬರುವ ಜಾಗದಲ್ಲಿದ್ದಾಗ ಆಡಬಹುದು. ಚಿಕ್ಕ ಜೋಡಿಗಳನ್ನು ಕಡಿಮೆ ಖರ್ಚಿನಲ್ಲಿ ಫ್ಲಾಪ್ ನೋಡಲು ಸಿಕ್ಕರೆ ಇಟ್ಟುಕೊಳ್ಳಿ; ಫ್ಲಾಪಿನಲ್ಲಿ ಅದು ಮೂರಾಗುವುದು ಎಂಟೂವರೆ ಸಲಕ್ಕೊಮ್ಮೆ, ಆಗದಿದ್ದರೆ ಬಿಟ್ಟುಬಿಡಿ.

ಒಳ್ಳೆಯ ಎಲೆ ಬಂದ ಮಾತ್ರಕ್ಕೆ ಗೆದ್ದ ಹಾಗಲ್ಲ ಎಂಬುದಕ್ಕೆ ಎರಡು ಅಂಕಿ ಮನಸ್ಸಿನಲ್ಲಿಡಿ. ಎಕ್ಕ-ರಾಜ ಹಿಡಿದವರಿಗೆ ಫ್ಲಾಪಿನಲ್ಲಿ ಜೋಡಿಯಾದರೂ ಆಗುವುದು ಮೂರರಲ್ಲಿ ಒಂದು ಸಲ. ಎರಡು ಸಲ ಕೈ ಖಾಲಿ. ಎರಡು ಎಕ್ಕ ಹಿಡಿದವರು ಒಬ್ಬರೇ ಒಬ್ಬರ ಎದುರು, ಅವರ ಎಲೆ ಯಾವುದೇ ಇರಲಿ, ಸುಮಾರು ನೂರಕ್ಕೆ 85 ಸಲ ಗೆಲ್ಲುತ್ತಾರೆ. ಅದೇ ಎಕ್ಕಗಳ ಎದುರು ಎಂಟು ಜನರೂ ಕೊನೆಯವರೆಗೆ ಉಳಿದರೆ ಗೆಲ್ಲುವುದು ಮೂರರಲ್ಲಿ ಒಂದರ ಆಸುಪಾಸು. ಹಾಗಾಗಿ ಒಳ್ಳೆಯ ಜೋಡಿ ಬಂದಾಗ ಮುಚ್ಚಿಟ್ಟುಕೊಂಡು ಎಲ್ಲರನ್ನೂ ಒಳಗೆ ಬಿಡಬೇಡಿ. ಪಣ ಹೆಚ್ಚಿಸಿ, ಒಬ್ಬಿಬ್ಬರನ್ನು ಮಾತ್ರ ಉಳಿಸಿಕೊಳ್ಳಿ.

ಕೂತ ಜಾಗದ ಮಾತು ಬಂತು. ಎಲೆ ಹಂಚುವವರ ಮುಂದೆ ಒಂದು ಬಿಲ್ಲೆ ಇರುತ್ತದೆ, ಅದಕ್ಕೆ ಬಟನ್ ಎನ್ನುತ್ತಾರೆ, ಆಟಕ್ಕೊಂದು ಜಾಗ ಮುಂದೆ ಸರಿಯುತ್ತದೆ. ಫ್ಲಾಪ್ ಆದ ಮೇಲೆ ಬಟನ್ ಇರುವವರು ಪ್ರತಿ ಸುತ್ತಿನಲ್ಲೂ ಕೊನೆಗೆ ಆಡುತ್ತಾರೆ. ಎಲ್ಲರೂ ಏನು ಮಾಡಿದರೆಂದು ನೋಡಿ ಆಮೇಲೆ ನಿರ್ಧರಿಸುವ ಅನುಕೂಲ ಅದು. ಮೂರೆಲೆಯಲ್ಲಿ ನಾವು ಇದಕ್ಕೆ ಬೆಲೆಯನ್ನೇ ಕೊಡುವುದಿಲ್ಲ. ಪೋಕರಿನಲ್ಲಿ ಮೊದಲು ಆಡಬೇಕಾದ ಜಾಗದಲ್ಲಿ ಪ್ಯಾಕ್ ಮಾಡುವ ಎಲೆಯನ್ನೇ ಬಟನ್ ಮೇಲೆ ಆಡಬಹುದು, ಅಷ್ಟು ವ್ಯತ್ಯಾಸ.

ಈಗ ಒಂದು ಆಟವನ್ನು ಹತ್ತಿರದಿಂದ ನೋಡೋಣ. ದುಡ್ಡಿನ ಬದಲು ಹುಣಸೆ ಬೀಜ ಇಟ್ಟಿದ್ದೇವೆ ಎಂದುಕೊಳ್ಳಿ. ನಾನು ಕಲಿಸುವುದು ಹಾಗೆಯೇ. ಆರು ಜನ, ತಲಾ 500 ಬೀಜ. ಚಿಕ್ಕ ಬ್ಲೈಂಡ್ 5, ದೊಡ್ಡದು 10. ಬಟನ್ ನಿಮ್ಮದು. ನಿಮಗೆ ಬಂದದ್ದು ಆಟೀನ್ ಒಂಬತ್ತು, ಆಟೀನ್ ಎಂಟು. ನಿಮಗಿಂತ ಮುಂಚಿನವರೊಬ್ಬರು 30ಕ್ಕೆ ಏರಿಸಿದರು, ನೀವು ಕಾಲ್ ಮಾಡಿದಿರಿ, ಮಿಕ್ಕವರೆಲ್ಲ ಪ್ಯಾಕ್. ನಡುವೆ 75 ಬೀಜ.

ಫ್ಲಾಪ್: ಆಟೀನ್ ರಾಜ, ಆಟೀನ್ ನಾಲ್ಕು, ಇಸ್ಪೇಟ್ ಎರಡು. ನಿಮಗೆ ನಾಲ್ಕು ಆಟೀನು ಆದವು, ಇನ್ನೊಂದು ಬಂದರೆ ಫ್ಲಶ್. ಎದುರಿನವರು 40 ಇಟ್ಟರು. ಈಗ ಎದೆ ಹೇಳಿದ್ದನ್ನು ಕೇಳದೆ ಲೆಕ್ಕ ಮಾಡಬೇಕು. ಕಟ್ಟಿನಲ್ಲಿ ಆಟೀನು 13, ನಿಮಗೆ ಕಂಡದ್ದು 4, ಉಳಿದದ್ದು 9. ನಿಮಗೆ ಕಾಣದ ಎಲೆ 47. ಮುಂದಿನ ಎಲೆ ಆಟೀನ್ ಆಗುವ ಸಾಧ್ಯತೆ 47ರಲ್ಲಿ 9, ನೂರಕ್ಕೆ 19. ಮೇಜಿನಲ್ಲಿ ಕೂತು ಭಾಗಾಕಾರ ಮಾಡಲಾಗುವುದಿಲ್ಲ. ಬೇಕಾದ ಎಲೆಗಳನ್ನು ಎರಡರಿಂದ ಗುಣಿಸಿ, 18, ಅಷ್ಟು ಸಾಕು. ಟರ್ನ್ ಮತ್ತು ರಿವರ್ ಎರಡೂ ಸೇರಿದರೆ ನಾಲ್ಕರಿಂದ ಗುಣಿಸಿ, 36, ನಿಜವಾದದ್ದು 35. ಇನ್ನು ಖರ್ಚು. ನಡುವೆ 75, ಅವರ 40, ನೀವು ಹಾಕಬೇಕಾದ 40, ಒಟ್ಟು 155. ಅದರಲ್ಲಿ ನಿಮ್ಮ ಪಾಲಿನ ಖರ್ಚು 40, ನೂರಕ್ಕೆ 26. ನೂರಕ್ಕೆ 26 ಸಲಕ್ಕಿಂತ ಹೆಚ್ಚು ಗೆಲ್ಲುವುದಾದರೆ ಈ ಕಾಲ್ ನಷ್ಟವಲ್ಲ.

ಇಲ್ಲಿ ಅನೇಕರು 36 ಅನ್ನು 26ಕ್ಕೆ ಹೋಲಿಸಿ ಕಾಲ್ ಮಾಡಿ ನೆಮ್ಮದಿಯಾಗುತ್ತಾರೆ. ಅದು ತಪ್ಪು ಲೆಕ್ಕ. ಎರಡೂ ಎಲೆ ನೋಡಲು ಟರ್ನಿನಲ್ಲಿ ಮತ್ತೆ ಹಣ ಕೇಳುತ್ತಾರೆ. ಈ 40 ಕೊಂಡುಕೊಳ್ಳುವುದು ಒಂದೇ ಎಲೆಯನ್ನು, ಅದರ ಸಾಧ್ಯತೆ 19. ಆದರೂ ಇಲ್ಲಿ ಕಾಲ್ ಮಾಡಬಹುದು, ಬೇರೆ ಕಾರಣಕ್ಕೆ: ಇಬ್ಬರ ಬಳಿಯೂ ಇನ್ನೂ ನಾನೂರಕ್ಕೂ ಹೆಚ್ಚು ಬೀಜಗಳಿವೆ, ಫ್ಲಶ್ ಆದರೆ ಮುಂದೆ ಅವರಿಂದ ಇನ್ನಷ್ಟು ಬರುತ್ತದೆ, ಮತ್ತು ಅವರ ನಂತರ ಆಡುವ ಅನುಕೂಲ ನಿಮ್ಮದು. ಕಾಲ್ ಮಾಡಿದಿರಿ. ನಡುವೆ 155, ನಿಮ್ಮಿಬ್ಬರ ಬಳಿ ತಲಾ 430 ಉಳಿಯಿತು.

ಟರ್ನ್: ಕಳಾವರ್ ಮೂರು. ಏನೂ ಆಗಲಿಲ್ಲ. ಎದುರಿನವರು ಈ ಸಲ 155 ಇಟ್ಟರು, ನಡುವೆ ಇದ್ದಷ್ಟೂ. ಈಗ ಕಾಲ್ ಮಾಡಿದರೆ ಒಟ್ಟು 465, ಅದರಲ್ಲಿ ನಿಮ್ಮದು 155, ನೂರಕ್ಕೆ 33. ಆಟೀನ್ ಬರುವುದು 46ರಲ್ಲಿ 9, ನೂರಕ್ಕೆ 20 ಕೂಡ ಇಲ್ಲ. ಮುಂದೆ ಬರುವುದನ್ನೂ ಸೇರಿಸಿ ನೋಡೋಣ. 46 ಸಲದಲ್ಲಿ 37 ಸಲ 155 ಕಳೆದುಕೊಳ್ಳುತ್ತೀರಿ. ಅದನ್ನು ತುಂಬಿಕೊಳ್ಳಲು ಉಳಿದ 9 ಸಲವೂ ತಲಾ 637 ಗೆಲ್ಲಬೇಕು. ಈಗ ನಡುವೆ ಇರುವುದು 310. ಇನ್ನೂ 327 ಬೇಕು. ಎದುರಿನವರ ಬಳಿ ಉಳಿದಿರುವುದು 275. ಅವರು ಪ್ರತಿ ಸಲವೂ ತಮ್ಮಲ್ಲಿದ್ದುದನ್ನೆಲ್ಲ ಕೊಟ್ಟರೂ ಸಾಲದು. ಪ್ಯಾಕ್.

ನೀವು ಎಲೆ ಬಿಸಾಕಿದ ಮೇಲೆ, ಸುಮ್ಮನೆ ನೋಡೋಣ ಎಂದು ಯಾರೋ ರಿವರ್ ಎಲೆ ತಿರುಗಿಸುತ್ತಾರೆ. ಆಟೀನ್ ಗುಲಾಮ. ಮೇಜಿನ ಸುತ್ತ 'ಅಯ್ಯೋ' ಎನ್ನುತ್ತಾರೆ. ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಪೋಕರ್ ಕಲಿಯುವವರ ಬದುಕಿನಲ್ಲಿ ಈ ಗಳಿಗೆ ಬಹಳ ಮುಖ್ಯವಾದದ್ದು. ನೀವು ಮಾಡಿದ್ದು ಸರಿಯಾಗಿತ್ತು, ಆಟೀನ್ ಬಂದದ್ದರಿಂದ ಅದು ತಪ್ಪಾಗುವುದಿಲ್ಲ. ಐದರಲ್ಲಿ ನಾಲ್ಕು ಸಲ ಬರದ ಎಲೆ ಈ ಸಲ ಬಂತು, ಅಷ್ಟೇ. ಮುಂದಿನ ಆಟದಲ್ಲಿ ಇದನ್ನು ನೆನೆಸಿಕೊಂಡು ಕಾಲ್ ಮಾಡಿದಿರೋ, ಅಲ್ಲಿಂದ ನಿಮ್ಮ ಬೀಜಗಳು ಕರಗತೊಡಗುತ್ತವೆ. ನಮ್ಮ ರೈತರು ಮಳೆ ನೋಡಿ ಬಿತ್ತಿದವನನ್ನು ಬೆಳೆ ಕೈಕೊಟ್ಟಿತೆಂದು ದಡ್ಡ ಅನ್ನುವುದಿಲ್ಲ. ನಿಮಗೂ ಅದೇ ನ್ಯಾಯ ಮಾಡಿಕೊಳ್ಳಿ.

ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಎನ್ನುತ್ತೇನೆ. ರಾತ್ರಿ ಮನೆಗೆ ಬಂದ ಮೇಲೆ ಎರಡೋ ಮೂರೋ ಆಟ ಬರೆಯಿರಿ: ನನ್ನ ಎಲೆ ಯಾವುದು, ಎಲ್ಲಿ ಕೂತಿದ್ದೆ, ನಡುವೆ ಎಷ್ಟಿತ್ತು, ಎಷ್ಟು ಕೇಳಿದರು, ಏನು ಮಾಡಿದೆ, ಯಾಕೆ. ಗೆದ್ದೆನೋ ಸೋತೆನೋ ಅನ್ನುವುದನ್ನು ಕೊನೆಗೆ, ಬೇರೆ ಸಾಲಿನಲ್ಲಿ ಬರೆಯಿರಿ. ಗೆದ್ದ ಆಟಗಳಲ್ಲೂ ತಪ್ಪು ಆಡಿದ್ದು ಎಷ್ಟೆಂದು ನಿಮಗೇ ಕಾಣುತ್ತದೆ.

ಬ್ಲಫ್ ಬಗ್ಗೆ ಚಿಕ್ಕದಾಗಿ. ನಡುವೆ 100 ಇರುವಾಗ ಏನೂ ಇಲ್ಲದೆ 100 ಇಟ್ಟು ಹೆದರಿಸಿದರೆ, ಅವರು ಎರಡು ಸಲಕ್ಕೆ ಒಂದು ಸಲಕ್ಕಿಂತ ಹೆಚ್ಚು ಪ್ಯಾಕ್ ಆದರೆ ಮಾತ್ರ ಲಾಭ. 50 ಇಟ್ಟರೆ ಮೂರಕ್ಕೆ ಒಂದಕ್ಕಿಂತ ಹೆಚ್ಚು. ಮನೆಯ ಮೇಜುಗಳಲ್ಲಿ ಜನ ಪ್ಯಾಕ್ ಆಗುವುದೇ ಇಲ್ಲ. ಏನಿದೆ ನೋಡೇಬಿಡೋಣ ಎಂದು ಕಾಲ್ ಮಾಡುತ್ತಾರೆ. ಅಂಥವರ ಎದುರು ಬ್ಲಫ್ ಮಾಡುವುದು ದುಡ್ಡು ಚೆಲ್ಲಿದ ಹಾಗೆ. ಒಳ್ಳೆಯ ಕೈ ಬಂದಾಗ ಧಾರಾಳವಾಗಿ ಪಣ ಇಡಿ, ಅವರು ಕಾಲ್ ಮಾಡುತ್ತಾರೆ.

ಅದೃಷ್ಟವೇ ಎಂದು ಕೇಳಿದ್ದೀರಿ. ಒಂದು ರಾತ್ರಿಯ ಮಟ್ಟಿಗೆ ಬಹುಪಾಲು ಅದೃಷ್ಟವೇ. ಸಾವಿರಾರು ಆಟಗಳ ಮೇಲೆ ನೋಡಿದರೆ ಕೌಶಲ. ಎರಡೂ ನಿಜ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕಟ್ಟಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು ಸೋಲಿಸಿತು. ಎಲೆ ಇಬ್ಬರಿಗೂ ಅದೃಷ್ಟದ ಮೇಲೆಯೇ ಬಂದದ್ದು, ಆದರೂ ಸೋಲಿಸಿತು. ಕೌಶಲವಿಲ್ಲದಿದ್ದರೆ ಹಾಗಾಗಲು ಸಾಧ್ಯವಿಲ್ಲ. ಆದರೆ ಅದನ್ನು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ತೋರಿಸಲು 1,20,000 ಆಟ ಆಡಿಸಬೇಕಾಯಿತು. ನೀವು ಮನೆಯ ಮೇಜಿನಲ್ಲಿ ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಆಟ ಆಡುತ್ತೀರಿ. ಎರಡು ತಿಂಗಳು ಗೆದ್ದವರು ತಾವು ಕಲಿತುಬಿಟ್ಟೆವು ಎಂದುಕೊಳ್ಳುವುದು ಯಾಕೆ ಅಪಾಯ ಎಂದು ಇದರಿಂದ ತಿಳಿಯುತ್ತದೆ.

ನಮ್ಮ ನ್ಯಾಯಾಲಯಗಳೂ ಈ ಪ್ರಶ್ನೆಯ ಸುತ್ತ ಬಹಳ ವರ್ಷ ಸುತ್ತಿವೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ. ಪೋಕರಿಗೆ ಅಂಥ ಒಂದೇ ಮಾತಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೌಶಲದ ಆಟವಾಗಿ ಆಡಿದರೆ ಪೋಕರಿಗೆ ಪರವಾನಗಿ ಬೇಕಿಲ್ಲ ಎಂಬ ನಿಲುವು ತಳೆಯಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇದು ಅದೃಷ್ಟದ ಆಟ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ನಿಮ್ಮ ಮೊಬೈಲಿನ ಪ್ರಶ್ನೆಗೆ ಈಗ ಉತ್ತರ ಬೇರೆ ಕಡೆ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ಅದು ನಿಷೇಧಿಸುತ್ತದೆ. ಕೌಶಲವೋ ಅದೃಷ್ಟವೋ ಎಂಬ ಭೇದವೇ ಅದರಲ್ಲಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಕಾಯ್ದೆ ಬಂದ ಬೆನ್ನಲ್ಲೇ ಇಲ್ಲಿನ ದೊಡ್ಡ ಆ್ಯಪ್‌ಗಳು ದುಡ್ಡಿನ ಪೋಕರ್ ನಿಲ್ಲಿಸಿದವು. ಇನ್ನೂ ಟೆಲಿಗ್ರಾಂ ಗುಂಪಿನಲ್ಲೋ ಮತ್ತೊಬ್ಬರ ಮೂಲಕವೋ ಬೇರೆ ದೇಶದ ಆ್ಯಪ್ ಹಾಕಿಕೊಡುತ್ತೇವೆ, ಯುಪಿಐನಲ್ಲಿ ದುಡ್ಡು ಕಳಿಸಿ ಎನ್ನುವವರು ಬಂದರೆ ದೂರವಿರಿ. ಅಲ್ಲಿ ನೀವು ಗೆದ್ದರೂ ದುಡ್ಡು ಕೊಡಿಸುವವರು ಯಾರೂ ಇಲ್ಲ.

ಕಾನೂನು ಒತ್ತಟ್ಟಿಗಿರಲಿ, ಕಾಯ್ದೆ ಬರುವ ಮೊದಲೂ ನಾನು ಬೇಡವೆಂದೇ ಹೇಳುತ್ತಿದ್ದೆ. ನನ್ನ ಹತ್ತಿರ ಎಲೆ ಹಿಡಿಯಲು ಕಲಿತ ಹುಡುಗನೊಬ್ಬ, ಲೆಕ್ಕದಲ್ಲಿ ಚುರುಕು, ಮನೆಯ ಮೇಜಿನಲ್ಲಿ ಯಾವತ್ತೂ ದುಡುಕಿದವನಲ್ಲ. ಮೊಬೈಲಿನಲ್ಲಿ ಶುರು ಮಾಡಿದ. ಅಲ್ಲಿ ಎಲೆ ಕಲಸುವ ಹೊತ್ತೂ ಇಲ್ಲ, ಎದುರು ಕೂತವರ ಮುಖವೂ ಇಲ್ಲ, ಗಂಟೆಗೆ ನೂರು ಆಟ, ಒಟ್ಟಿಗೆ ನಾಲ್ಕು ಮೇಜು. ಸೋತದ್ದನ್ನು ಅದೇ ರಾತ್ರಿ ವಾಪಸ್ ತರಬೇಕೆಂದು ದೊಡ್ಡ ಪಣದ ಮೇಜಿಗೆ ಹೋದ. ಒಂದು ವರ್ಷದಲ್ಲಿ ತಂಗಿಯ ಮದುವೆಗೆಂದು ಎತ್ತಿಟ್ಟ ದುಡ್ಡು ಹೋಯಿತು. ಅವನ ತಂದೆ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಕೂತು ಒಂದು ಮಾತೂ ಬೈಯಲಿಲ್ಲ. ಆವತ್ತಿನಿಂದ ನಾನು ಹುಣಸೆ ಬೀಜ ಬಿಟ್ಟು ಬೇರೇನೂ ಮೇಜಿನ ಮೇಲೆ ಇಡಿಸುವುದಿಲ್ಲ.

ಬೀಜದಲ್ಲಿ ಆಡಿದರೆ ಯಾರೂ ಮನಸ್ಸಿಟ್ಟು ಆಡುವುದಿಲ್ಲ ಎನ್ನುತ್ತಾರೆ. ಒಂದು ಉಪಾಯವಿದೆ. ಎಲ್ಲರಿಗೂ 500 ಕೊಡಿ, ಖಾಲಿಯಾದರೆ ಮತ್ತೆ ಕೊಡುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ, ಬ್ಲೈಂಡ್ ಅರ್ಧ ಗಂಟೆಗೊಮ್ಮೆ ಹೆಚ್ಚಿಸುತ್ತಾ ಹೋಗಿ. ಕೊನೆಗೆ ಉಳಿದವರ ಹೆಸರು ಗೋಡೆಯ ಕ್ಯಾಲೆಂಡರ್ ಮೇಲೆ. ಎಂಟು ಗಂಟೆಗೇ ಬೀಜ ಕಳೆದುಕೊಂಡವರು ಉಳಿದವರಿಗೆ ಟೀ ಮಾಡಿಕೊಟ್ಟು ಸುಮ್ಮನೆ ನೋಡುತ್ತಾ ಕೂರಬೇಕು. ಜನ ಎಷ್ಟು ಎಚ್ಚರದಿಂದ ಆಡುತ್ತಾರೆಂದು ನೀವೇ ನೋಡುತ್ತೀರಿ. ನಿಮ್ಮ ಶನಿವಾರದ ಗುಂಪು ದುಡ್ಡಿಗೆ ಆಡುವುದಾದರೆ, ಕಲಿಯುವಷ್ಟು ದಿನವಾದರೂ ಬೀಜದಲ್ಲಿ ಆಡೋಣ ಎಂದು ಕೇಳಿ. ಒಪ್ಪದಿದ್ದರೆ ಪಕ್ಕದಲ್ಲಿ ಕೂತು ನೋಡಿ. ಆಡದೆ ನೋಡುವವರಿಗೆ ಕಾಣುವಷ್ಟು ಆಡುವವರಿಗೆ ಕಾಣುವುದಿಲ್ಲ.

ಮೇಜಿನ ನಡವಳಿಕೆಯಲ್ಲಿ ಹೊಸಬರಿಂದ ಆಗುವ ತಪ್ಪುಗಳು ಮೂರು. ಸರದಿ ಬರುವ ಮೊದಲೇ ಪ್ಯಾಕ್ ಎನ್ನಬೇಡಿ, ನಿಮಗಿಂತ ಮುಂಚೆ ಆಡಬೇಕಾದವರ ನಿರ್ಧಾರ ಅದರಿಂದ ಕೆಡುತ್ತದೆ. ಪ್ಯಾಕ್ ಆದ ಮೇಲೆ ನಿಮ್ಮ ಎಲೆ ಏನಿತ್ತೆಂದು ಪಕ್ಕದವರಿಗೆ ಪಿಸುಗುಟ್ಟಬೇಡಿ. ಪಣ ಹೆಚ್ಚಿಸುವುದಾದರೆ ಮೊದಲು ಬಾಯಲ್ಲಿ ಎಷ್ಟೆಂದು ಹೇಳಿ, ಆಮೇಲೆ ಒಂದೇ ಸಲಕ್ಕೆ ಮುಂದಿಡಿ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಮತ್ತಷ್ಟು ಸೇರಿಸುವುದನ್ನು ಯಾವ ಮೇಜಿನಲ್ಲೂ ಒಪ್ಪುವುದಿಲ್ಲ.

ನಾಲ್ಕು ಶನಿವಾರ ಹೀಗೆ ಆಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ನಿಮಗೆ ಬಹಳ ಗೊಂದಲವಾದ ಎರಡು ಆಟ ಆರಿಸಿ, ನಡುವೆ ಎಷ್ಟಿತ್ತು, ಎಷ್ಟು ಕೇಳಿದರು ಎಂಬ ಅಂಕಿಗಳ ಸಮೇತ ಬರೆದು ಕಳಿಸಿ. ಅವನ್ನು ಎಲೆ ಎಲೆಯಾಗಿ ಬಿಡಿಸಿ ಉತ್ತರ ಬರೆಯುತ್ತೇನೆ.